ಹಳಿ ದಾಟೋದು, ರಸ್ತೆ ದಾಟೋದು: ಬುದ್ಧಿವಾದ ಬೇಡ, ಲೆಕ್ಕ ಕೊಡಿ

ಪದ್ಮ_ಕಾಲ್ನಡಿಗೆ
ಎಲ್ಲರಿಗೂ ನಮಸ್ಕಾರ. ಬಡಾವಣೆ ಸಂಘದಿಂದ ಒಂದು ಹಾಳೆಯ ಕರಪತ್ರ ಹಂಚಬೇಕು ಅಂತ ಇದೆ. ಜಾಗ ಬೆಂಗಳೂರಿನ ಪೂರ್ವ ಭಾಗ. ಮನೆಗಳು ಹಳಿಯ ಈಚೆ. ಬಸ್ ಸ್ಟಾಪು, ಮೆಟ್ರೊ, ಶಾಲೆ ಎಲ್ಲ ಆಚೆ. ನಡುವೆ ಜೋಡಿ ಹಳಿ, ಅದರಾಚೆ ಆರು ಪಥದ ರಸ್ತೆ. ಜನ ಹಳಿಗೆ ನುಗ್ಗೋದು ಗೋಡೆಯ ಒಂದು ಸಂದಿಯಿಂದ. "ಎಚ್ಚರಿಕೆಯಿಂದ ದಾಟಿ", "ನಿಮ್ಮ ಜೀವ ಅಮೂಲ್ಯ" ಅಂತ ಬರೆದ ಹಾಳೆ ಕಡಲೆಕಾಯಿ ಪೊಟ್ಟಣ ಆಗುತ್ತೆ ಅಷ್ಟೆ. ಎಷ್ಟು ಸೆಕೆಂಡು, ಎಷ್ಟು ಮೀಟರು, ತಪ್ಪೋದು ಎಲ್ಲಿ, ಯಾಕೆ ಅನ್ನೋದು ಬೇಕು. ತಿಳಿದವರು ಬರೆಯಿರಿ. ಸ್ವಂತ ಅನುಭವದ ಕಥೆಗಳು ಬೇಡ, ಅದಕ್ಕೆ ಬೇರೆ ಎಳೆ ಇದೆ.

ಕಂಬಿ_ಕಾವಲು
ಮೇಡಂ, ಜೋಡಿ ಹಳಿಯಿಂದಲೇ ಶುರು ಮಾಡೋಣ. ಬ್ರಾಡ್‌ಗೇಜ್‌ನಲ್ಲಿ ಎರಡು ಕಂಬಿಗಳ ನಡುವೆ 1,676 ಮಿ.ಮೀ. ಹೊಸದಾಗಿ ಹಾಕುವ ಜೋಡಿ ಮಾರ್ಗದಲ್ಲಿ ಒಂದು ಹಳಿಯ ನಡುಗೆರೆಯಿಂದ ಇನ್ನೊಂದರ ನಡುಗೆರೆಗೆ 5.3 ಮೀ. ಅಲ್ಲಿಗೆ ಈ ತುದಿಯ ಕಂಬಿಯಿಂದ ಆ ತುದಿಯ ಕಂಬಿಗೆ 7 ಮೀಟರು. ಬಹಳ ಜನ ಇಲ್ಲಿಗೇ ಲೆಕ್ಕ ಮುಗಿಸ್ತಾರೆ. ಆದರೆ ಗಾಡಿ ಕಂಬಿಯಿಂದ ಹೊರಗೂ ಚಾಚಿರುತ್ತೆ. ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಎಲ್‌ಎಚ್‌ಬಿ ಬೋಗಿಯ ಅಗಲ ಸುಮಾರು 3.25 ಮೀ., ಅಂದರೆ ಪ್ರತಿ ಪಕ್ಕಕ್ಕೂ 80 ಸೆಂ.ಮೀ. ಹತ್ತಿರ ಹೊರಚಾಚು. ಮೆಮು (ಹತ್ತಿರದ ಊರುಗಳ ನಡುವೆ ಓಡೋ ಕರೆಂಟ್ ಗಾಡಿ) ಡಬ್ಬಿ 3.66 ಮೀ., ಅದು ಸುಮಾರು ಒಂದು ಮೀಟರು ಚಾಚುತ್ತೆ. ಗಾಳಿಯ ಹೊಡೆತಕ್ಕೂ ಜಾಗ ಬಿಡಬೇಕು. ಎಲ್ಲ ಸೇರಿ ನಿಜವಾಗಿ ದಾಟಬೇಕಾದ ಉದ್ದ 10ರಿಂದ 11 ಮೀ.

ಡಾಂಬರಿನ ಮೇಲೆ ಸೆಕೆಂಡಿಗೆ 1.2 ಮೀ. ನಡೆಯುವವರು ಜಲ್ಲಿ ಮೇಲೆ 0.9ಕ್ಕೆ ಇಳೀತಾರೆ. ಸ್ಲೀಪರ್‌ಗಳ (ಕಂಬಿಯಡಿಯ ಅಡ್ಡದಿಮ್ಮಿ) ನಡುವಿನ ಅಂತರ 60 ಸೆಂ.ಮೀ., ಮನುಷ್ಯನ ಹೆಜ್ಜೆಗೆ ಸರಿಹೊಂದೋದೇ ಇಲ್ಲ. ಹಾಗಾಗಿ ದಾಟೋಕೆ 12 ಸೆಕೆಂಡು ಅಂತ ಇಟ್ಕೊಳ್ಳಿ. ಗಂಟೆಗೆ 110 ಕಿ.ಮೀ. ಓಡುವ ಗಾಡಿ ಸೆಕೆಂಡಿಗೆ 30 ಮೀಟರಿಗಿಂತ ಸ್ವಲ್ಪ ಹೆಚ್ಚು ಬರುತ್ತೆ. ನೀವು ಮೊದಲ ಹೆಜ್ಜೆ ಇಡುವಾಗ ಗಾಡಿ 370 ಮೀ. ದೂರ ಇದ್ದರೆ, ಕೊನೆಯ ಹೆಜ್ಜೆಗೆ ಅದು ನಿಮ್ಮ ಬೆನ್ನ ಹಿಂದೆ. ಸೆಕೆಂಡಿಗೆ 0.65 ಮೀ. ನಡೆಯುವ ವಯಸ್ಸಾದವರಿಗೆ ಈ ದೂರ 500 ಮೀ. ದಾಟುತ್ತೆ. ನಿಮ್ಮ ಜಾಗದಲ್ಲಿ ನಿಂತು 500 ಮೀ. ಹಳಿ ನೇರವಾಗಿ ಕಾಣುತ್ತಾ, ನೋಡಿ. ತಿರುವೋ, ಕಾಂಪೌಂಡೋ, ಸಿಗ್ನಲ್ ಪೆಟ್ಟಿಗೆಯೋ ಅಡ್ಡ ಬಂದೇ ಬರುತ್ತೆ.

ಲೋಕೋ ಪೈಲಟ್ ನಿಮ್ಮನ್ನ ಕಂಡು ತುರ್ತು ಬ್ರೇಕ್ ಹಾಕಿದ ಅಂತಲೇ ಇಟ್ಕೊಳ್ಳಿ. ಆ ವೇಗದಲ್ಲಿ ನಿಲ್ಲೋಕೆ ಮುಕ್ಕಾಲು ಕಿ.ಮೀ.ನಿಂದ ಒಂದು ಕಿ.ಮೀ. ಬೇಕು. ಉಕ್ಕಿನ ಚಕ್ರ, ಉಕ್ಕಿನ ಕಂಬಿ, ಹಿಡಿತವೇ ಕಡಿಮೆ. 58 ವ್ಯಾಗನ್‌ಗಳ ಗೂಡ್ಸ್ ಆದರೆ ಬ್ರೇಕ್ ಪೈಪಿನ ಗಾಳಿ ಇಳಿದ ಸುದ್ದಿ ಕೊನೆಯ ವ್ಯಾಗನ್ನಿಗೆ ತಲುಪೋದಕ್ಕೇ ಹಲವು ಸೆಕೆಂಡು ಹಿಡಿಯುತ್ತೆ. ಸ್ಟೀರಿಂಗ್ ಅಂತೂ ಇಲ್ಲ. ಕರಪತ್ರದಲ್ಲಿ ಒಂದೇ ಸಾಲು ಹಾಕೋದಾದರೆ ಇದನ್ನ ಹಾಕಿ: ಚಾಲಕನಿಗೆ ನೀವು ಕಾಣಿಸಿದರೂ ಅವನ ಕೈಯಲ್ಲಿರೋದು ಹಾರ್ನ್ ಮಾತ್ರ.

ಗುರುಪ್ರಸಾದ್_ಗೇರ್
ಇಷ್ಟೆಲ್ಲ ಯಾಕೆ ಸಾರ್. ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಹಳಿ ಮೇಲೆ ವಾಕಿಂಗ್ ಹೋಗೋರಿಗೆ ಯಾವ ಲೆಕ್ಕ ಹೇಳಿದ್ರೂ ಒಂದೇ. ಕಿವಿ ತೆರೆದಿಟ್ರೆ ರೈಲು ಬರೋದು ಅರ್ಧ ಊರಿಗೆ ಕೇಳತ್ತೆ.

ಕಂಬಿ_ಕಾವಲು
ಗುರು ಅವರೇ, ಅರ್ಧ ಊರಿಗೆ ಕೇಳೋದು ಪಕ್ಕದಲ್ಲಿ ಇರೋರಿಗೆ. ಹಳಿಯ ಮೇಲೇ ನಿಂತವನಿಗೆ ಎದುರಿಂದ ಬರುವ ಸದ್ದು ತುಂಬ ಕಡಿಮೆ. ಗಾಡಿಯ ಸದ್ದಿನ ಹೆಚ್ಚು ಪಾಲು ಪಕ್ಕಗಳಿಗೆ ಮತ್ತು ಹಿಂದಕ್ಕೆ ಹೋಗುತ್ತೆ. ಉದ್ದುದ್ದ ಬೆಸುಗೆ ಹಾಕಿದ ಕಂಬಿ ಬಂದ ಮೇಲೆ ಹಳೆಯ ಟಕಟಕ ಇಲ್ಲ. ಡೀಸೆಲ್ ಹೋಗಿ ಕರೆಂಟ್ ಎಂಜಿನ್ ಬಂದ ಮೇಲೆ ದೂರದಿಂದ ಕೇಳುತ್ತಿದ್ದ ಗುಡುಗೂ ಇಲ್ಲ. ಇಯರ್‌ಫೋನ್ ತೆಗೀಬೇಕು ಅನ್ನೋದು ಸರಿ, ಆದರೆ ಅದನ್ನ ತೆಗೆದ ಮಾತ್ರಕ್ಕೆ ಕಿವಿಯನ್ನ ನಂಬಬಹುದು ಅಂತಲ್ಲ. 2018ರ ಅಕ್ಟೋಬರ್ 19ರಂದು ಅಮೃತಸರದಲ್ಲಿ ರಾವಣ ದಹನ ನೋಡ್ತಾ ಹಳಿ ಮೇಲೆ ನಿಂತಿದ್ದ ಸುಮಾರು 60 ಜನ ಸತ್ತರು. ಯಾರ ಕಿವಿಯಲ್ಲೂ ಏನೂ ಸಿಕ್ಕಿಸಿರಲಿಲ್ಲ ಅಂತಲೇ ಇಟ್ಕೊಳ್ಳಿ, ಪಟಾಕಿ ಸದ್ದೊಂದೇ ಸಾಕಾಯ್ತು.

ಕಣ್ಣೂ ಮೋಸ ಮಾಡುತ್ತೆ. ದೊಡ್ಡ ವಸ್ತು ನೇರವಾಗಿ ನಮ್ಮತ್ತ ಬರುವಾಗ ಅದರ ವೇಗ ನಿಜಕ್ಕಿಂತ ಕಡಿಮೆ ಅನ್ನಿಸುತ್ತೆ. ದೂರದಲ್ಲಿ ಇರೋವಾಗ ಚುಕ್ಕಿ ಬೆಳೆಯೋದೇ ಗೊತ್ತಾಗಲ್ಲ, ಕೊನೆಯ ಮೂರು ನಾಲ್ಕು ಸೆಕೆಂಡಿನಲ್ಲಿ ಒಮ್ಮೆಲೇ ಕಣ್ಣು ತುಂಬುತ್ತೆ. ಅಷ್ಟರಲ್ಲಿ ಕಾಲು ಮರಗಟ್ಟಿರುತ್ತೆ.

ಜೋಡಿ ಹಳಿಯಲ್ಲಿ ಜನ ಸಿಕ್ಕಿಹಾಕಿಕೊಳ್ಳೋದು ಮುಖ್ಯವಾಗಿ ಎರಡನೇ ಗಾಡಿಗೆ. ಒಂದು ಗಾಡಿ ಹೋಗೋವರೆಗೆ ತಾಳ್ಮೆಯಿಂದ ನಿಲ್ತಾರೆ. ಕೊನೆಯ ಬೋಗಿ ದಾಟಿದ ತಕ್ಷಣ ಹೆಜ್ಜೆ ಹಾಕ್ತಾರೆ. ಆಚೆ ಹಳಿಯಲ್ಲಿ ಎದುರು ದಿಕ್ಕಿನಿಂದ ಬರುವ ಗಾಡಿ ಅದುವರೆಗೆ ಮೊದಲನೆಯದರ ಮರೆಯಲ್ಲಿ ಇತ್ತು, ಅದರ ಹಾರ್ನೂ ಇದರ ಸದ್ದಿನಲ್ಲಿ ಮುಚ್ಚಿಹೋಗಿತ್ತು. ಎರಡೂ ಗಾಡಿ ಒಟ್ಟಿಗೆ ಬಂದರೆ ನಡುವೆ ನಿಲ್ತೀನಿ ಅನ್ನೋರೂ ಇದ್ದಾರೆ. ಹಳೆಯ ಮಾರ್ಗಗಳಲ್ಲಿ ನಡುಗೆರೆಗಳ ಅಂತರ 4.265 ಮೀ. ಕೂಡ ಇದೆ. ಎರಡೂ ಕಡೆ 3.25 ಮೀ. ಬೋಗಿ ಬಂದರೆ ಉಳಿಯೋದು ಒಂದೇ ಮೀಟರು. ಅದರಲ್ಲೇ ಬಾಗಿಲಲ್ಲಿ ಜೋತಾಡೋರ ಕಾಲು, ತೂಗುವ ಬ್ಯಾಗು.

ಇನ್ನೊಂದು, ಸ್ಟೇಷನ್ ಹತ್ತಿರ ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಕಾಲಿಡಬಾರದು. ಅದರ ನಾಲಗೆ ಕಂಬಿ 115 ಮಿ.ಮೀ. ಸರಿಯುತ್ತೆ, ಸರಿಸೋದು ಮೋಟರು, ಒತ್ತೋದು ಎಲ್ಲೋ ಕ್ಯಾಬಿನ್ನಿನಲ್ಲಿ ಕೂತವರು. ಪಾದ ಸಿಕ್ಕಿದರೆ ಎಳೆದು ತೆಗೆಯೋಕೆ ಆಗಲ್ಲ.

ತೆಂಕಣ_ಗಾಳಿ
ಮಂಗಳೂರು ಕಡೆಯವರದ್ದೂ ಸೇರಿಸಿ ಮಾರಾಯ್ರೇ. ಮಳೆಗಾಲದಲ್ಲಿ ಕೊಡೆ ಬಿಡಿಸಿದರೆ ಎರಡೂ ಬದಿಯ ನೋಟ ಹೋಯ್ತು, ಕೊಡೆ ಮೇಲಿನ ಮಳೆ ಸದ್ದಿಗೆ ಹಾರ್ನೂ ಹೋಯ್ತು. ಮುರಕಲ್ಲು ಕಡಿದು ಮಾಡಿದ ಕಣಿವೆ ಉಂಟಲ್ಲ, ಅಲ್ಲಿ ಎರಡೂ ಪಕ್ಕ ಗೋಡೆ. ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವೇ ಇರುವುದಿಲ್ಲ. ಸೇತುವೆ ಇನ್ನೂ ಕಷ್ಟ. ನೇತ್ರಾವತಿಯ ರೈಲು ಸೇತುವೆಯಂಥ ಉದ್ದ ಸೇತುವೆಗಳಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಚಾಚಿದ ಸಣ್ಣ ಕಟ್ಟೆ ಇರುತ್ತದೆ. ಅದು ಹಳಿ ರಿಪೇರಿಯ ಗ್ಯಾಂಗ್‌ನವರು ಟ್ರಾಲಿ ಸಮೇತ ನಿಲ್ಲಲಿಕ್ಕೆ ಮಾಡಿದ್ದು. ಅವರಿಗೆ ಗಾಡಿಗಳ ಸಮಯ ಮೊದಲೇ ಗೊತ್ತಿರುತ್ತದೆ. ಅದನ್ನು ನೆಚ್ಚಿಕೊಂಡು ಸೇತುವೆ ಹತ್ತಿದವನಿಗೆ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಓಡುವಷ್ಟು ಸಮಯ ಸಿಗುವುದಿಲ್ಲ.

ಮೇಲಿನ ತಂತಿಯದ್ದೂ ಬರೆಯಿರಿ. 25,000 ವೋಲ್ಟ್. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೆ ಅದೇ ಹಾರಿ ಹಿಡಿಯುತ್ತದೆ. 2 ಮೀಟರಿನ ಒಳಗೆ ದೇಹವೂ ಬರಬಾರದು, ಕೈಯಲ್ಲಿರುವ ಸಾಮಾನೂ ಬರಬಾರದು. ನಿಂತ ಗೂಡ್ಸ್ ವ್ಯಾಗನ್ ಮೇಲೆ ಫೋಟೋಕ್ಕೆ ಹತ್ತುವ ಹುಡುಗರು ಸಾಯುವುದು ಹೀಗೆಯೇ. ಹಲಸಿನಕಾಯಿ ಕೀಳುವ ಕಬ್ಬಿಣದ ದೋಟಿ, ಜಾತ್ರೆಯ ಉದ್ದ ಬಾವುಟದ ಕಂಬ, ಹೊಳೆಯುವ ಹಾಳೆಯ ಬಲೂನು, ಎಲ್ಲದಕ್ಕೂ ಇದೇ ಮಾತು.

ನಕ್ಷೆ_ನಾಗರಾಜ
ಲೆಕ್ಕ ಎಲ್ಲ ಸರಿ. ಆದರೆ ಈ ಲೆಕ್ಕ ಓದಿದವರೂ ನಾಳೆ ಬೆಳಗ್ಗೆ ಅದೇ ಗೋಡೆ ಸಂದಿಯಲ್ಲಿ ನುಸೀತಾರೆ. ಯಾಕೆ ಅಂತ ಅದನ್ನೂ ಲೆಕ್ಕದಲ್ಲೇ ಹೇಳ್ತೀನಿ. ಕರೆಂಟ್ ತಂತಿಯ ಮೇಲೆ ಹಾದುಹೋಗುವ ಫುಟ್‌ಬ್ರಿಡ್ಜಿನ ನೆಲ ಹಳಿಯಿಂದ ಸುಮಾರು ಆರೂವರೆ ಮೀಟರಾದರೂ ಮೇಲಿರಬೇಕು. ಒಂದು ಮೆಟ್ಟಿಲು 15 ಸೆಂ.ಮೀ. ಆದರೆ 43 ಮೆಟ್ಟಿಲು ಹತ್ತಿ 43 ಇಳೀಬೇಕು. ಮಂಡಿನೋವಿನವರು, ಮಗು ಎತ್ತಿಕೊಂಡವರು, ಹಾಲಿನ ಕ್ಯಾನ್ ಹೊತ್ತವರು ಇದನ್ನ ದಿನಕ್ಕೆ ನಾಲ್ಕು ಸಲ ಮಾಡಲ್ಲ. ಗಾಲಿಕುರ್ಚಿಗೆ 1ಕ್ಕೆ 12ರ ಇಳಿಜಾರು ಕೊಡೋದಾದರೆ ಒಂದು ಬದಿಗೆ 78 ಮೀ. ಇಳಿಜಾರು, ನಡುವೆ ತಂಗುಗಟ್ಟೆಗಳು ಬೇರೆ.

ಹಳಿಯ ಕೆಳಗಿನ ಸುರಂಗದಾರಿ ಆದರೆ ಸುಮಾರು 4 ಮೀ. ಇಳಿದರೆ ಸಾಕು, 26-27 ಮೆಟ್ಟಿಲು. ಕಾಲಿಗೆ ಅದೇ ಹಿತ. ಆದರೆ ಮಳೆನೀರು ಹೊರಹಾಕೋ ಪಂಪು, ಅದಕ್ಕೆ ಕರೆಂಟ್ ಹೋದರೆ ಜನರೇಟರು, ರಾತ್ರಿ ಉರಿಯೋ ದೀಪ, ಈ ಮೂರರಲ್ಲಿ ಒಂದು ಕೆಟ್ಟರೂ ಮೊದಲು ಹೆಣ್ಣುಮಕ್ಕಳು ಆ ದಾರಿ ಬಿಡ್ತಾರೆ, ಆಮೇಲೆ ಎಲ್ಲರೂ ಬಿಡ್ತಾರೆ. ಜನ ದಾಟೋ ಜಾಗದಿಂದ ಅರ್ಧ ಕಿ.ಮೀ. ಆಚೆ ಸೇತುವೆ ಕಟ್ಟಿದರೆ ಹೋಗಿಬರೋಕೆ ಒಂದು ಕಿ.ಮೀ. ಹೆಚ್ಚು, ಹದಿನಾಲ್ಕು ನಿಮಿಷ. ಹಳಿ ದಾಟಿದರೆ ಹನ್ನೆರಡು ಸೆಕೆಂಡು. ಈ ಅಂತರವನ್ನ ಬೋಧನೆಯಿಂದ ಮುಚ್ಚೋಕೆ ಆಗಲ್ಲ.

ಗುರುಪ್ರಸಾದ್_ಗೇರ್
ಬಂತು ನೋಡಿ. ಎಲ್ಲಕ್ಕೂ ಸರ್ಕಾರವೇ ಕಾರಣ. ಹದಿನಾಲ್ಕು ನಿಮಿಷ ಬೇಗ ಏಳೋದು ಸರ್ಕಾರದ ಕೆಲಸವಾ?

ನಕ್ಷೆ_ನಾಗರಾಜ
ಅಲ್ಲ. ಹಳಿಯ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ, ಗಾಡಿ ನಿಲ್ಲೋಕೆ ಆಗಲ್ಲ ಅಂದ ಮೇಲೆ ನಿಲ್ಲಬೇಕಾದವರು ನಾವೇ. ಗೋಡೆ ಸಂದಿಯ ಎದುರೇ ಮೆಟ್ಟಿಲು ಕೊಡಿ, ಆಮೇಲೆ ದಂಡ ಹಾಕಿ ಅಂತಷ್ಟೇ ನನ್ನ ವಾದ. ಆದರೆ ಇದೇ ನ್ಯಾಯವನ್ನ ರಸ್ತೆಗೂ ಎಳೀಬೇಡಿ. ರಸ್ತೆಯಲ್ಲಿ ಬರೋನಿಗೆ ಬ್ರೇಕೂ ಇದೆ, ಸ್ಟೀರಿಂಗೂ ಇದೆ, ನಿಲ್ಲೋ ಕರ್ತವ್ಯವೂ ಇದೆ. ಅದಕ್ಕೆ ಆಮೇಲೆ ಬರ್ತೀನಿ.

ಕಾನೂನು_ಕಟ್ಟೆ
ದಂಡದ ಮಾತು ಬಂದಿದ್ದರಿಂದ ಹೇಳ್ತೀನಿ. 1989ರ ರೈಲ್ವೆ ಕಾಯ್ದೆಯ ಸೆಕ್ಷನ್ 147: ಅನುಮತಿ ಇಲ್ಲದೆ ರೈಲ್ವೆ ಜಾಗದೊಳಗೆ ಹೋದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂ.ವರೆಗೆ ದಂಡ ಅಥವಾ ಎರಡೂ. ಮುಚ್ಚಿದ ಗೇಟನ್ನ ತೆರೆದರೆ ಸೆಕ್ಷನ್ 160ರಡಿ 3 ವರ್ಷದವರೆಗೆ, ಮುರಿದರೆ 5 ವರ್ಷದವರೆಗೆ. ಫುಟ್‌ಬೋರ್ಡ್, ಛಾವಣಿ ಪ್ರಯಾಣಕ್ಕೆ ಸೆಕ್ಷನ್ 156.

ಜೈಲಿಗಿಂತ ದೊಡ್ಡ ಪೆಟ್ಟು ಪರಿಹಾರದ್ದು. ಗಾಡಿಯಿಂದ ಅಕಸ್ಮಾತ್ ಬಿದ್ದ ಪ್ರಯಾಣಿಕನಿಗೆ ರೈಲ್ವೆಯ ತಪ್ಪಿರಲಿ ಬಿಡಲಿ ಸೆಕ್ಷನ್ 124ಎ ಅಡಿ ಪರಿಹಾರ ಉಂಟು. ಹತ್ತುವಾಗ, ಇಳಿಯುವಾಗ ಬಿದ್ದರೂ ಅದರಲ್ಲಿ ಸೇರುತ್ತೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳಿ ದಾಟುತ್ತಾ ಗಾಡಿಗೆ ಸಿಕ್ಕವರು ಪ್ರಯಾಣಿಕರಲ್ಲ, ಅವರ ಮನೆಯವರಿಗೆ ಈ ಬಾಗಿಲು ತೆರೆಯಲ್ಲ. ಮನೆಯ ದುಡಿಯೋ ಕೈ ಹೋಗುತ್ತೆ, ಈ ಸೆಕ್ಷನ್ನಿನಡಿ ಒಂದು ರೂಪಾಯಿ ಬರಲ್ಲ. ಕರಪತ್ರದಲ್ಲಿ ಇದನ್ನ ದಪ್ಪಕ್ಷರದಲ್ಲಿ ಹಾಕಿ ಪದ್ಮಕ್ಕ.

ಡೊಂಬಿವಲಿ_ಕನ್ನಡಿಗ
ಮುಂಬೈಯಿಂದ ಎರಡು ಮಾತು. ವಡಾಲಾ ಹತ್ತಿರ ಜನ ದಾಟುವ ಕಡೆ ಹಿಂದೊಮ್ಮೆ ಒಂದು ಪ್ರಯೋಗ ಆಯ್ತು. ಸ್ಲೀಪರ್‌ಗಳಿಗೆ ಗುಂಪು ಗುಂಪಾಗಿ ಹಳದಿ ಬಣ್ಣ ಬಳಿದರು: ಗಾಡಿ ಆ ಪಟ್ಟೆಗಳನ್ನ ನುಂಗುತ್ತಾ ಬರೋದು ಕಂಡರೆ ಕಣ್ಣಿಗೆ ವೇಗದ ಅಂದಾಜು ಸಿಗುತ್ತೆ ಅಂತ. ಒಂದೇ ಉದ್ದ ಹಾರ್ನಿನ ಬದಲು ಎರಡು ತುಂಡು ಹಾರ್ನ್. ತಲೆಬುರುಡೆ ಚಿತ್ರದ ಫಲಕದ ಬದಲು ಗಾಡಿಯಡಿ ಸಿಗುವ ಕ್ಷಣದ ಮನುಷ್ಯನ ಮುಖದ ಫೋಟೋ. ಕಂಬಿ_ಕಾವಲು ಅವರು ಹೇಳಿದ ಕಣ್ಣಿನ ಮೋಸಕ್ಕೆ ನೇರ ಮದ್ದು ಇದು, ಖರ್ಚೂ ಬಣ್ಣದ ಡಬ್ಬಿಯಷ್ಟೆ.

ಎರಡನೆಯದು ಬಾಗಿಲು. 2025ರ ಜೂನ್ 9ರಂದು ಮುಂಬ್ರಾ ತಿರುವಿನಲ್ಲಿ ಎದುರುಬದುರು ಹೋಗುತ್ತಿದ್ದ ಎರಡು ಲೋಕಲ್‌ಗಳ ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದವರು ಒಬ್ಬರಿಗೊಬ್ಬರು ತಗುಲಿ ಬಿದ್ದರು, ಕನಿಷ್ಠ ನಾಲ್ವರು ಸತ್ತರು. ತಿರುವಿನಲ್ಲಿ ಹಳಿಯ ಒಂದು ಕಂಬಿ ಎತ್ತರ ಇರುತ್ತೆ, ಡಬ್ಬಿ ಒಳಕ್ಕೆ ವಾಲುತ್ತೆ, ಎರಡೂ ಹಳಿಯ ವಾಲು ಒಂದೇ ಸಮ ಇಲ್ಲದಿದ್ದರೆ ನಡುವಿನ ಜಾಗ ಮೇಲ್ಗಡೆ ಕಿರಿದಾಗಬಹುದು. ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಬಾಗಿಲಲ್ಲಿ ನಿಂತವನ ಅಗಲ ಅವನಿಗೇ ಗೊತ್ತಿರಲ್ಲ. ಅದಕ್ಕೇ ಲೋಕಲ್ ಹತ್ತುವಾಗ ಬ್ಯಾಗ್ ಎದೆಗೆ ಹಾಕ್ಕೊಳ್ಳೋದು.

ಓಡುವ ಗಾಡಿ ಹತ್ತೋ ಚಾಳಿ ಬೆಂಗಳೂರಲ್ಲೂ ಇದೆ. 10 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 2.8 ಮೀ., ಅದಾಗಲೇ ಓಟ. ಹಿಡಿ ಹಿಡಿದ ಕೈ ಮುಂದಕ್ಕೆ ಹೋಗುತ್ತೆ, ಕಾಲು ಪ್ಲಾಟ್‌ಫಾರಂ ಮೇಲೇ ಉಳಿಯುತ್ತೆ, ದೇಹ ಗಿರಕಿ ಹೊಡೆದು ಹಿಂದಕ್ಕೆ, ಡಬ್ಬಿ-ಪ್ಲಾಟ್‌ಫಾರಂ ಸಂದಿಗೆ ತಿರುಗುತ್ತೆ. ಯಾವ ಶಕ್ತಿವಂತನಿಗೂ ಅದು ಹಾಗೇ ಆಗೋದು.

ಪದ್ಮ_ಕಾಲ್ನಡಿಗೆ
ಅದ್ಭುತ. ಇನ್ನೊಂದು ಪ್ರಶ್ನೆ. ಗೇಟ್ ಇರೋ ಕಡೆ ಜನ ಹೇಳೋದು "ಗಾಡಿ ಹೋಯ್ತಲ್ಲ, ಆದ್ರೂ ಐದು ನಿಮಿಷ ಗೇಟ್ ತೆಗೆಯಲ್ಲ, ಗೇಟ್‌ಮನ್ ಸೋಮಾರಿ" ಅಂತ. ಬಾಗಿ ನುಸುಳೋದು ಆಗಲೇ.

ಕಂಬಿ_ಕಾವಲು
ಗೇಟ್‌ಮನ್ ಮನಸ್ಸು ಮಾಡಿದರೂ ತೆರೆಯೋಕೆ ಆಗಲ್ಲ. ಬಹುಪಾಲು ಗೇಟುಗಳು ಸಿಗ್ನಲ್ ಜೊತೆ ಬಿಗಿದಿರ್ತಾವೆ. ಗೇಟ್ ಮುಚ್ಚಿ ಬೀಗ ಬಿದ್ದರೆ ಮಾತ್ರ ಸಿಗ್ನಲ್ ಹಸಿರಾಗೋದು. ಹಸಿರಾದ ಮೇಲೆ ಗಾಡಿ ದಾಟೋವರೆಗೆ ಬೀಗ ಬಿಡಲ್ಲ. ಗಾಡಿ ವೇಗ ಇಳಿಸದೆ ಬರಬೇಕಾದರೆ ಹಿಂದಿನ ಸಿಗ್ನಲ್ಲೇ ಮೊದಲು ಹಸಿರು ತೋರಿಸಬೇಕು, ಅದಕ್ಕೇ ಗಾಡಿ ಕಾಣೋದಕ್ಕೂ ಎಷ್ಟೋ ಮೊದಲು ಗೇಟ್ ಬೀಳೋದು. ಒಂದು ಗಾಡಿ ಹೋದರೂ ಗೇಟ್ ಏಳಲಿಲ್ಲ ಅಂದರೆ ಅದರ ಅರ್ಥ ಒಂದೇ, ಇನ್ನೊಂದು ಬರ್ತಿದೆ. ಇದನ್ನ ಹಾಗೇ ಹಾಕಿ. ನೀವು ಬಾಗಿ ಒಳಗೆ ನುಸುಳಿದ್ದು ಆ ವ್ಯವಸ್ಥೆಗೆ ಗೊತ್ತಾಗೋದೇ ಇಲ್ಲ, ಅದರ ಲೆಕ್ಕದಲ್ಲಿ ಗೇಟ್ ಖಾಲಿ. ಗೇಟಿಗೆ 600 ಮೀ. ಮುಂಚೆ ಹಾರ್ನ್ ಫಲಕ ಇರುತ್ತೆ. 110ರಲ್ಲಿ ಬರೋ ಗಾಡಿಯ ಹಾರ್ನ್ ಶುರುವಾದ ಮೇಲೆ ನಿಮಗಿರೋದು 20 ಸೆಕೆಂಡು.

ಬ್ರಾಡ್‌ಗೇಜ್‌ನಲ್ಲಿ ಕಾವಲಿಲ್ಲದ ಗೇಟುಗಳನ್ನೆಲ್ಲ 2019ರ ಜನವರಿ ಹೊತ್ತಿಗೆ ತೆಗೆದಾಯ್ತು. ಹಾಗಾಗಿ ಗೇಟ್ ಅಂದರೆ ಅಲ್ಲಿ ಒಬ್ಬ ಮನುಷ್ಯ ಇದ್ದೇ ಇರ್ತಾನೆ. ಆಟೋನೋ ತಳ್ಳುಗಾಡಿನೋ ಹಳಿ ಮೇಲೆ ಸಿಕ್ಕಿಹಾಕಿಕೊಂಡರೆ ಮೊದಲು ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಆಮೇಲೆ ಗೇಟ್‌ಮನ್‌ಗೆ ಕೂಗಿ. ಅವನ ಹತ್ತಿರ ಫೋನು, ಕೆಂಪು ಬಾವುಟ, ಹಳಿ ಮೇಲಿಟ್ಟು ಸಿಡಿಸೋ ಪಟಾಕಿ ಡಬ್ಬಿ ಎಲ್ಲ ಇರುತ್ತೆ. ವಾಹನ ತಳ್ಳೋ ಶೌರ್ಯ ಕೊನೆಗೆ. ಗೇಟ್‌ಮನ್ ಇಲ್ಲದ ಕಡೆ ಹಳಿ ಮೇಲೆ ಮರವೋ ಬಂಡೆಯೋ ಬಿದ್ದದ್ದು ಕಂಡರೆ, ಹಳಿಯ ಹೊರಗೆ ಪಕ್ಕದಲ್ಲೇ ಗಾಡಿ ಬರೋ ದಿಕ್ಕಿಗೆ ಓಡಿ. ಎರಡೂ ಕೈ ತಲೆಯ ಮೇಲೆ ನೇರ ಎತ್ತಿ ಹಿಡಿದರೆ ರೈಲ್ವೆ ಭಾಷೆಯಲ್ಲಿ ಅದು "ನಿಲ್ಲಿಸು". ರಾತ್ರಿಯಾದರೆ ಮೊಬೈಲ್ ಟಾರ್ಚನ್ನ ಜೋರಾಗಿ ಬೀಸಿ. ಬಿಳಿ ದೀಪವಾದರೂ ಸರಿ, ಜೋರಾಗಿ ಬೀಸಿದರೆ ಅದೂ ಅಪಾಯದ ಸೂಚನೆಯೇ.

ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡುವಾಗ "ಟೀ ಅಂಗಡಿ ಹಿಂದೆ" ಅನ್ನಬೇಡಿ. ಪಕ್ಕದ ಕರೆಂಟ್ ಕಂಬದ ಮೇಲೆ ಕಿಲೋಮೀಟರು ಮತ್ತು ಕಂಬದ ಸಂಖ್ಯೆ ಮೇಲೆ ಕೆಳಗೆ ಬರೆದಿರುತ್ತೆ. ಅದನ್ನ ಓದಿ ಹೇಳಿ. ಕಂಟ್ರೋಲ್‌ನವರಿಗೆ ಐವತ್ತು ಮೀಟರಿನ ಅಂದಾಜಿನಲ್ಲಿ ಜಾಗ ಸಿಗುತ್ತೆ.

ಚಿಗರಿ_ಹುಬ್ಬಳ್ಳಿ
ನಮ್ಮ ಕಡೆದೂ ಸ್ವಲ್ಪ ಕೇಳ್ರಿ. ಹುಬ್ಬಳ್ಳಿ-ಧಾರವಾಡ ನಡುವ ಚಿಗರಿ ಬಸ್ಸಿಗೆ ರಸ್ತೆ ನಟ್ಟನಡುವ ಬ್ಯಾರೆ ದಾರಿ ಐತಿ. ಅದು ಅರ್ಧ ರಸ್ತೆ, ಅರ್ಧ ರೈಲು ಇದ್ಧಂಗ. ಮಂದಿ ಮಾಡೋ ತಪ್ಪು ಏನಂದ್ರ, ಬದಿ ರಸ್ತೆಗೆ ಬಲಕ್ಕ ನೋಡಿ ದಾಟತಾರ, ನಡುವಿನ ಪಟ್ಟಿಗೆ ಬಂದ ಕೂಡ್ಲೆ ಮತ್ತ ನೋಡೂದ ಇಲ್ಲ. ಅಲ್ಲೆ ಎರಡೂ ಕಡಿಂದ ಬಸ್ ಬರ್ತಾವ, ಅಡ್ಡ ಗಾಡಿ ಇರೂದಿಲ್ಲ, ವೇಗ ಜಾಸ್ತಿ. ಹಂಗಾಗಿ ಇದನ್ನ ಒಂದು ರಸ್ತೆ ಅಂತ ತಿಳೀಬ್ಯಾಡ್ರಿ, ಮೂರು ರಸ್ತೆ ಅಂತ ತಿಳೀರಿ. ಪ್ರತಿ ಪಟ್ಟಿಗೆ ಒಮ್ಮೆ ನಿಂತು ಎರಡೂ ಕಡೆ ನೋಡ್ರಿ. ಕಟಾಂಜನ ಜಿಗಿಯೋರಿಗೆ ಇನ್ನೊಂದು ಮಾತು: ಜಿಗಿದ ಮ್ಯಾಲೆ ಕಾಲು ನೆಲಕ್ಕ ಬೀಳೂದು ಸೀದಾ ಬಸ್ ದಾರ್ಯಾಗ, ನಿಲ್ಲಾಕ ಗೇಣು ಜಾಗ ಇರೂದಿಲ್ಲ.

ನಕ್ಷೆ_ನಾಗರಾಜ
ಮೂರು ರಸ್ತೆ ಅಂತ ತಿಳೀರಿ ಅನ್ನೋದನ್ನ ಹಾಗೇ ಎತ್ತಿಕೊಳ್ಳಿ ಮೇಡಂ. ಈಗ ರಸ್ತೆಯ ಲೆಕ್ಕ.

ಒಂದು ಪಥ 3.5 ಮೀ., ಆರಕ್ಕೆ 21 ಮೀ. ಸೆಕೆಂಡಿಗೆ 1.2 ಮೀ. ನಡೆದರೆ ಹದಿನೇಳೂವರೆ ಸೆಕೆಂಡು. 0.8ರಲ್ಲಿ ನಡೆಯುವ ಅಜ್ಜಿಗೆ 26. ನಿಮ್ಮ ಸಿಗ್ನಲ್ಲಿನ ಹಸಿರು ಮನುಷ್ಯ ಎಷ್ಟು ಸೆಕೆಂಡು ಉರೀತಾನೆ ಅಂತ ಮೊಬೈಲಲ್ಲಿ ಅಳೆದು ಬರೆದುಕೊಳ್ಳಿ. 15 ಇದ್ದರೆ ಅದು ಯಾರಿಗೂ ಸಾಲದು. ಸಂಚಾರ ಪೊಲೀಸರಿಗೆ ಅರ್ಜಿ ಕೊಡುವಾಗ "ಸಮಯ ಹೆಚ್ಚಿಸಿ" ಅಂತ ಮಾತ್ರ ಬರೀಬೇಡಿ, ಅಗಲ, ಅಳೆದ ಸೆಕೆಂಡು, ಬೇಕಾದ ಸೆಕೆಂಡು ಮೂರನ್ನೂ ಬರೆಯಿರಿ.

ಒಣ ರಸ್ತೆಯಲ್ಲಿ, ಒಳ್ಳೆ ಬ್ರೇಕಿನ ಕಾರು, ಚಾಲಕ ಒಂದು ಸೆಕೆಂಡಿನಲ್ಲಿ ಎಚ್ಚೆತ್ತ ಅಂದರೂ 30 ಕಿ.ಮೀ.ನಲ್ಲಿ ನಿಲ್ಲೋಕೆ 13 ಮೀ. ಬೇಕು, 50ರಲ್ಲಿ 28 ಮೀ. ಮಳೆಯಾದರೆ ಮತ್ತೆ ಹತ್ತು ಮೀಟರಿನಷ್ಟು ಸೇರಿಸಿ. 30ರ ಕಾರು ಪೂರ್ತಿ ನಿಂತುಬಿಟ್ಟ ಜಾಗದಲ್ಲಿ 50ರ ಕಾರಿನ ಚಾಲಕನ ಕಾಲು ಇನ್ನೂ ಬ್ರೇಕ್ ಮುಟ್ಟಿರಲ್ಲ, ಪೂರಾ 50ರಲ್ಲೇ ಬಂದು ಹೊಡೆಯುತ್ತೆ. ಶಾಲೆ ಮುಂದೆ 30 ಬೇಕು ಅನ್ನೋದು ಇದಕ್ಕೇ.

ಜನ ಸಾಯೋ ಮೂರು ಸನ್ನಿವೇಶ ಬರೀತೀನಿ. ಮೊದಲನೆಯದು ನಿಂತ ವಾಹನದ ಮರೆ. ಎಡ ಪಥದ ಕಾರಿನವನು ಒಳ್ಳೆಯವನು, ನಿಮಗಾಗಿ ನಿಲ್ಲಿಸ್ತಾನೆ. ನೀವು ಅವನಿಗೆ ತಲೆ ಅಲ್ಲಾಡಿಸಿ ಮುಂದೆ ಹೋಗ್ತೀರಿ. ಅವನ ಬಲಗಡೆಯಿಂದ ನುಗ್ಗೋ ಬೈಕಿಗೆ ನೀವು ಕಾಣಲ್ಲ, ನಿಮಗೆ ಅವನು ಕಾಣಲ್ಲ. ಮಾಡಬೇಕಾದ್ದು: ನಿಂತ ಕಾರಿನ ಬಲ ಅಂಚಿಗೆ ಬಂದು ಪೂರ್ತಿ ನಿಲ್ಲಿ, ಕತ್ತು ಮಾತ್ರ ಚಾಚಿ ನೋಡಿ, ಆಮೇಲೆ ಮುಂದಿನ ಪಥಕ್ಕೆ. ಸ್ಟಾಪಿನಲ್ಲಿ ನಿಂತ ಬಸ್ಸಿನ ಮುಂದೆ ದಾಟೋದೂ ಇದೇ ಜಾತಿ. ಬಸ್ ಹೊರಟುಹೋಗಲಿ, ಅರ್ಧ ನಿಮಿಷ.

ಎರಡನೆಯದು ಎಡ ತಿರುವು. 12 ಮೀ. ಉದ್ದದ ಬಸ್ಸೋ ಲಾರಿಯೋ ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತೆ, ಕೆಲವು ಸಲ ಫುಟ್‌ಪಾತ್ ಅಂಚನ್ನೇ ಹತ್ತುತ್ತೆ. ಮೂಲೆಯಲ್ಲಿ ಅಂಚಿಗೆ ನಿಲ್ಲಬೇಡಿ, ಎರಡು ಹೆಜ್ಜೆ ಹಿಂದೆ ನಿಲ್ಲಿ. ಲಾರಿ ಮೂತಿಗೆ ಅಂಟಿಕೊಂಡು ದಾಟೋ ಗಿಡ್ಡ ಮನುಷ್ಯ, ಮಗು ಚಾಲಕನಿಗೆ ಕಾಣೋದೇ ಇಲ್ಲ. ಅವನ ಮುಖ ನಿಮಗೆ ಕಾಣದಿದ್ದರೆ ಅವನಿಗೂ ನೀವು ಕಾಣ್ತಿಲ್ಲ.

ಮೂರನೆಯದು ರಾತ್ರಿ. ಕಡು ಬಣ್ಣದ ಬಟ್ಟೆಯವರು ಡಿಮ್ ಲೈಟಿನಲ್ಲಿ ಕಾಣೋದು ಸುಮಾರು 30 ಮೀಟರಿಗೆ, 50ರಲ್ಲಿ ನಿಲ್ಲೋಕೆ ಬೇಕಾದ್ದೂ ಅಷ್ಟೇ. ಹೊಳೆಯುವ ಪಟ್ಟಿ ಬ್ಯಾಗಿಗೂ ಚಪ್ಪಲಿಯ ಹಿಮ್ಮಡಿಗೂ ಅಂಟಿಸಿ. ಅಲುಗಾಡುವ ಜಾಗದ್ದು ಬೇಗ ಕಣ್ಣಿಗೆ ಬೀಳುತ್ತೆ. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲ ಅಂಚಿನಲ್ಲಿ, ಎದುರು ಬರೋ ವಾಹನ ನೋಡ್ತಾ ನಡೀರಿ.

ಗುರುಪ್ರಸಾದ್_ಗೇರ್
ಕೈ ತೋರಿಸಿ ದಾಟೋದು ಬಿಟ್ರಲ್ಲ. ನಮ್ಮೂರಲ್ಲಿ ಸಿಗ್ನಲ್‌ಗಿಂತ ಕೈಯೇ ಹೆಚ್ಚು ಕೆಲಸ ಮಾಡತ್ತೆ. ಸ್ಕೈವಾಕ್ ಬಗ್ಗೆಯೂ ಏನೂ ಹೇಳಲಿಲ್ಲ.

ನಕ್ಷೆ_ನಾಗರಾಜ
ಕೈ ತೋರಿಸಿ, ತಪ್ಪೇನಿಲ್ಲ. ಆದರೆ ಕೈ ಬ್ರೇಕ್ ಅಲ್ಲ. ಕೈ ತೋರಿಸಿದ ಮೇಲೆ ವಾಹನದ ಮೂತಿ ತಗ್ಗಿತಾ ನೋಡಿ. ಬ್ರೇಕ್ ಬಿದ್ದರೆ ಮುಂಭಾಗ ತಗ್ಗುತ್ತೆ. ತಗ್ಗಲಿಲ್ಲ ಅಂದರೆ ಅವನು ನಿಲ್ಲಿಸ್ತಿಲ್ಲ, ಹೆಜ್ಜೆ ಇಡಬೇಡಿ.

ಸ್ಕೈವಾಕ್ ಅಂದರೆ ಮತ್ತೆ ಮೂವತ್ತೇಳೋ ನಲವತ್ತೋ ಮೆಟ್ಟಿಲು. ಹಳಿಯ ಮೇಲೆ ಅದು ಅನಿವಾರ್ಯ, ಯಾಕಂದರೆ ಗಾಡಿ ನಿಲ್ಲಲ್ಲ. ರಸ್ತೆಯಲ್ಲಿ ವಾಹನ ನಿಲ್ಲುತ್ತೆ, ಆದರೂ ಮನುಷ್ಯನನ್ನೇ ಹತ್ತಿಸಿ ಇಳಿಸೋದು ಸೋಮಾರಿ ಎಂಜಿನಿಯರಿಂಗ್. ಲಿಫ್ಟ್ ಇದ್ದು ಅದು ಓಡ್ತಿದ್ದರೆ ಬೇರೆ ಮಾತು. ಫುಟ್‌ಪಾತ್‌ದೂ ಹಾಗೇ: ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಅಡೆತಡೆ ಇಲ್ಲದ 1.8 ಮೀ. ಅಗಲ, 2.2 ಮೀ. ಎತ್ತರ, ಅಂಚಿನ ಎತ್ತರ 15 ಸೆಂ.ಮೀ. ಮೀರಬಾರದು ಅಂತ ಇದೆ. ಟ್ರಾನ್ಸ್‌ಫಾರ್ಮರು, ಕೇಬಲ್ ಸುರುಳಿ, ನಿಲ್ಲಿಸಿದ ಸ್ಕೂಟರು ಕಳೆದು ಅಳೆಯಿರಿ, ಎಷ್ಟು ಉಳಿಯುತ್ತೆ ಅಂತ.

ಮೂರನೇ_ಹಳಿ
ಮೆಟ್ರೊ ಉಳೀತು. ನಮ್ಮ ಮೆಟ್ರೊಗೆ ಮೇಲೆ ತಂತಿ ಇಲ್ಲ, ಪಕ್ಕದಲ್ಲೇ ಓಡುವ ಮೂರನೇ ಕಂಬಿಯಲ್ಲಿ 750 ವೋಲ್ಟ್ ಡಿ.ಸಿ. ಹಾಗಾಗಿ ಇಲ್ಲಿ ಗಾಡಿ ಬರದಿದ್ದರೂ ಕೆಳಗಿಳಿಯೋದೇ ಅಪಾಯ. ಮೊಬೈಲ್ ಬಿದ್ದರೆ ಇಳೀಬೇಡಿ, ಸಿಬ್ಬಂದಿಗೆ ಹೇಳಿ, ಅವರು ತೆಗೆದುಕೊಡ್ತಾರೆ. ಮನುಷ್ಯ ಬಿದ್ದರೆ ಕೈ ಕೊಟ್ಟು ಎಳೆಯೋಕೆ ಹಾರಬೇಡಿ. ಪ್ಲಾಟ್‌ಫಾರಂ ಮೇಲೆ ಇಟಿಎಸ್ ಅಂತ ಬರೆದ ತುರ್ತು ಗುಂಡಿ ಇರುತ್ತೆ, ಒತ್ತಿದರೆ ಕಂಬಿಯ ಕರೆಂಟ್ ಕಡಿಯುತ್ತೆ. ಕರೆಂಟ್ ಹೋದರೂ ಓಟದಲ್ಲಿರೋ ಗಾಡಿ ತಕ್ಷಣ ನಿಲ್ಲಲ್ಲ, ಹಾಗಾಗಿ ಗುಂಡಿ ಒತ್ತೋದರ ಜೊತೆಗೇ ಸಿಬ್ಬಂದಿಯನ್ನ ಕೂಗಿ. ಮೋಜಿಗೆ ಒತ್ತಿದರೆ ಇಡೀ ಮಾರ್ಗ ನಿಲ್ಲುತ್ತೆ.

ಬಾಗಿಲಿನ ನಡುವೆ ಕೈಯೋ ಬ್ಯಾಗೋ ಸಿಕ್ಕರೆ ಅದು ಮತ್ತೆ ತೆರೆಯುತ್ತೆ. ತೆಳು ಬಟ್ಟೆ ಹಾಗಲ್ಲ: ದುಪಟ್ಟಾ, ಸೆರಗಿನ ತುದಿ, ಬ್ಯಾಗಿನ ಲಾಡಿ ಸಿಕ್ಕರೆ ಬಾಗಿಲಿಗೆ ಗೊತ್ತಾಗದೇ ಇರಬಹುದು. ಬೀಪ್ ಶುರುವಾದ ಮೇಲೆ ನುಗ್ಗಬಾರದು ಅನ್ನೋದಕ್ಕೆ ಕಾರಣ ಇದು. ಎಸ್ಕಲೇಟರಿನಲ್ಲೂ ಸೆರಗು ಎತ್ತಿ ಹಿಡಿಯಿರಿ, ಮಕ್ಕಳ ಮೆತ್ತನೆ ರಬ್ಬರ್ ಚಪ್ಪಲಿ ಪಕ್ಕದ ಸಂದಿಗೆ ತಾಗದಂತೆ ನಡುವೆ ನಿಲ್ಲಿಸಿ. ಮೇಲೂ ಕೆಳಗೂ ಕೆಂಪು ಗುಂಡಿ ಇರುತ್ತೆ, ಹತ್ತೋ ಮೊದಲು ಅದು ಎಲ್ಲಿದೆ ನೋಡಿಟ್ಟುಕೊಳ್ಳಿ.

ಕಾನೂನು_ಕಟ್ಟೆ
ರಸ್ತೆ ಅಪಘಾತವಾದರೆ ಮಾಡಬೇಕಾದ್ದು ಬೇಗ ಹೇಳಿಬಿಡ್ತೀನಿ. 112 ಅಥವಾ 108. ಗಾಯಾಳುವನ್ನ ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ಎ ರಕ್ಷಣೆ ಇದೆ, ಹೆಸರು ಹೇಳಲೇಬೇಕು ಅಂತಿಲ್ಲ, ಸಾಕ್ಷಿ ಆಗಲೇಬೇಕು ಅಂತಿಲ್ಲ. ಕೇಂದ್ರ ಸರ್ಕಾರದ 2025ರ ಯೋಜನೆಯಡಿ 7 ದಿನದವರೆಗೆ 1.5 ಲಕ್ಷ ರೂ.ವರೆಗಿನ ಚಿಕಿತ್ಸೆ ನಗದಿಲ್ಲದೆ ಸಿಗುತ್ತೆ, ಕಾಲ್ನಡಿಗೆಯವರಿಗೂ. ಗುದ್ದಿ ಓಡಿಹೋದ ಪ್ರಕರಣದಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂ. ವಾಹನ ಗೊತ್ತಿದ್ದರೆ ಅಪಘಾತ ಪರಿಹಾರದ ಟ್ರಿಬ್ಯೂನಲ್ಲಿಗೆ 6 ತಿಂಗಳೊಳಗೆ ಅರ್ಜಿ ಹಾಕೋದು ಕ್ಷೇಮ. ಕಾಲ್ನಡಿಗೆಯವರದ್ದೂ ಸ್ವಲ್ಪ ತಪ್ಪು ಅಂತ ಕಂಡರೆ ಪರಿಹಾರ ಆ ಪಾಲಿನಷ್ಟು ಕಡಿಮೆ ಆಗಬಹುದು, ಆದರೆ ಹಳಿಯಲ್ಲಿ ಆದ ಹಾಗೆ ಬಾಗಿಲೇ ಮುಚ್ಚಲ್ಲ.

ಪದ್ಮ_ಕಾಲ್ನಡಿಗೆ
ಕರಪತ್ರದ ಕರಡು, ತಪ್ಪಿದ್ದರೆ ತಿದ್ದಿ:

"ಜೋಡಿ ಹಳಿ ದಾಟಲು 12 ಸೆಕೆಂಡು. ಅಷ್ಟರಲ್ಲಿ ಗಾಡಿ 370 ಮೀ. ಬರುತ್ತದೆ. ಗೋಡೆ ಸಂದಿಯಿಂದ 200 ಮೀ. ಮಾತ್ರ ಕಾಣುತ್ತದೆ. ಒಂದು ಗಾಡಿ ಹೋದರೂ ಗೇಟ್ ಏಳದಿದ್ದರೆ ಇನ್ನೊಂದು ಬರುತ್ತಿದೆ. ಹಳಿ ದಾಟುವಾಗ ಸತ್ತವರ ಮನೆಗೆ ರೈಲ್ವೆ ಪರಿಹಾರ ಇಲ್ಲ. ರಸ್ತೆಯಲ್ಲಿ ನಿಂತ ಕಾರಿನ ಬಲ ಅಂಚಿನಲ್ಲಿ ಮತ್ತೊಮ್ಮೆ ನಿಲ್ಲಿ. ತೊಂದರೆಯಾದರೆ 139, 112. ಕಂಬದ ಸಂಖ್ಯೆ ಹೇಳಿ."

ಹಿಂಬದಿಯಲ್ಲಿ ಸಿಗ್ನಲ್ ಸಮಯದ ಅರ್ಜಿಯ ನಮೂನೆ, ಫುಟ್‌ಬ್ರಿಡ್ಜ್ ಬೇಡಿಕೆಗೆ ಸಹಿ.

ಕಂಬಿ_ಕಾವಲು
200 ಮೀ. ಅನ್ನೋದನ್ನ ಕಣ್ಣಂದಾಜಿನಲ್ಲಿ ಹಾಕಬೇಡಿ. ಅಳೆಯೋಕೆ ಹಳಿಗೆ ಇಳಿಯೋದೂ ಬೇಡ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಸಂದಿಯಿಂದ ತಿರುವಿನವರೆಗೆ ಗೆರೆ ಎಳೆದರೆ ಮೀಟರ್ ಬರುತ್ತೆ. ಎರಡೂ ದಿಕ್ಕಿಗೆ ಅಳೆದು ಕಡಿಮೆ ಇರೋದನ್ನ ಹಾಕಿ. ಜಾಗ ಕಡಿಮೆ ಇದ್ದರೆ "ಪರಿಹಾರ" ಸಾಲಿನ ಪಕ್ಕ 14416 ಅಂತ ಸಣ್ಣದಾಗಿಯಾದರೂ ಸೇರಿಸಿ, ಮನಸ್ಸು ಕುಗ್ಗಿದವರಿಗೆ ಸರ್ಕಾರದ ಉಚಿತ ಸಹಾಯವಾಣಿ ಅದು. ಹಳಿ ಪಕ್ಕ ಒಬ್ಬರೇ ಬಹಳ ಹೊತ್ತು ಕೂತವರನ್ನ ಕಂಡರೆ ಸುಮ್ಮನೆ ಹೋಗಬೇಡಿ, ಮಾತಾಡಿಸಿ.

ಡೊಂಬಿವಲಿ_ಕನ್ನಡಿಗ
ಕರಪತ್ರ ತಮಿಳು, ತೆಲುಗು, ಹಿಂದಿಯಲ್ಲೂ ಮಾಡಿ. ಆ ಸಂದಿಯಲ್ಲಿ ಬೆಳಗ್ಗೆ ಆರಕ್ಕೆ ದಾಟೋರು ಕಟ್ಟಡ ಕೆಲಸದವರು, ಅವರಲ್ಲಿ ಎಷ್ಟೋ ಜನ ಕನ್ನಡ ಓದಲ್ಲ. ಓದು ಬಾರದವರಿಗೆ ಗೋಡೆ ಮೇಲೆ ಎರಡು ಗಾಡಿ, ನಡುವೆ ಒಬ್ಬ ಮನುಷ್ಯನ ಚಿತ್ರ ಬರೆಸಿ.

ಪದ್ಮ_ಕಾಲ್ನಡಿಗೆ
ಅಳೆದೆ. ವೈಟ್‌ಫೀಲ್ಡ್ ದಿಕ್ಕಿಗೆ 310, ಈ ಕಡೆ ತಿರುವಿಗೆ 140. 140 ಅಂತಲೇ ಹಾಕ್ತೀನಿ.